ಬೇಸಿಗೆ ಕ್ಯಾಂಪಿಂಗ್: ಬೆಂಗಳೂರಿನಿಂದ ಎಲ್ಲಿಗೆ ಹೋದರೆ ರಾತ್ರಿ ನಿದ್ದೆ ಬರುತ್ತದೆ?

ಏಪ್ರಿಲ್ ಎರಡನೇ ವಾರ ಮಕ್ಕಳಿಗೆ ರಜೆ ಬಿದ್ದ ಕೂಡಲೇ ಬೆಂಗಳೂರಿನಲ್ಲಿ ಎಲ್ಲೆಲ್ಲೂ ಒಂದೇ ಮಾತು: ಒಂದೆರಡು ದಿನ ಎಲ್ಲಾದರೂ ಟೆಂಟ್ ಹಾಕಿಕೊಂಡು ಇದ್ದು ಬರೋಣ. ಮೊಬೈಲ್ ತೆರೆದರೆ ಜಾಗಗಳಿಗೇನೂ ಬರವಿಲ್ಲ. ಯಾವ ಫೋಟೋ ನೋಡಿದರೂ ಹಸಿರು ಹುಲ್ಲು, ಮಂಜು, ಬೆಂಕಿ ಸುತ್ತ ಕೂತ ಗೆಳೆಯರು. ಆದರೆ ಆ ಹುಲ್ಲು ಮಳೆಗಾಲದ್ದು, ಆ ಮಂಜು ಡಿಸೆಂಬರಿನದು. ಏಪ್ರಿಲಿನಲ್ಲಿ ಅದೇ ಜಾಗಕ್ಕೆ ಹೋಗಿ ಇಳಿದರೆ ಗುರುತೇ ಸಿಗುವುದಿಲ್ಲ.

ಜಾಗ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಅಂತ. ಬೇಸಿಗೆಯ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಎಷ್ಟು ಎತ್ತರ ಅಂತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಾಪ ಇಳಿಯುತ್ತದೆ, ಅಷ್ಟೇ ಇಳಿದರೆ ಅಷ್ಟೇ ಏರುತ್ತದೆ. ನಾವಿರುವುದೇ ಪ್ರಸ್ಥಭೂಮಿಯ ಎತ್ತರದಲ್ಲಿ ಆದ್ದರಿಂದ ಊರು ಬಿಟ್ಟು ಹೊರಟರೆ ಬಹಳಷ್ಟು ದಿಕ್ಕಿನಲ್ಲಿ ಕೆಳಗಿಳಿಯುತ್ತೇವೆ, ಅಂದರೆ ಸೆಕೆಯ ಕಡೆಗೇ ಹೋಗುತ್ತೇವೆ. 2016ರ ಏಪ್ರಿಲ್ ಕೊನೆಯ ವಾರದ ಒಂದು ದಿನ ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಗಿತ್ತು. ಅಂಥ ದಿನ ನದಿಕಣಿವೆಯಲ್ಲಿ ನೈಲಾನ್ ಟೆಂಟಿನೊಳಗೆ ಮಗುವನ್ನು ಮಲಗಿಸುವ ಮುಂಚೆ ಈ ಲೆಕ್ಕ ಹಾಕಲೇಬೇಕು.

ಈ ಒಂದು ಅಳತೆ ಹಿಡಿದು ನೋಡಿದರೆ ಎಷ್ಟೋ ಪ್ರಸಿದ್ಧ ಜಾಗಗಳ ಬಣ್ಣ ಬಯಲಾಗುತ್ತದೆ. ತಮಿಳುನಾಡಿನ ಯಲಗಿರಿ ಸುಮಾರು 1,100 ಮೀಟರ್, ಅಂದರೆ ನಮಗಿಂತ ಒಂದು ಡಿಗ್ರಿ ತಂಪು, ಅಷ್ಟೇ. ಸಕಲೇಶಪುರ ಹೆಚ್ಚುಕಮ್ಮಿ ಬೆಂಗಳೂರಿನಷ್ಟೇ ಎತ್ತರ. ಕೊಡಗು ಅಂದುಕೊಂಡು ಕುಶಾಲನಗರದ ಹೊಳೆದಂಡೆಯಲ್ಲಿ ಇಳಿದುಕೊಂಡರೆ ನೀವು ಬೆಂಗಳೂರಿಗಿಂತ ತುಸು ತಗ್ಗಿನಲ್ಲೇ ಇದ್ದೀರಿ. ಅದೇ ಮಡಿಕೇರಿಗೆ ಬಂದರೆ ಸುಮಾರು 1,150 ಮೀಟರ್, ಹಾರ್ಸ್ಲಿ ಬೆಟ್ಟ 1,265, ಕೆಮ್ಮಣ್ಣುಗುಂಡಿ 1,434, ನಂದಿಬೆಟ್ಟ 1,478, ಯೇರ್ಕಾಡ್ 1,500ರ ಆಸುಪಾಸು, ಊಟಿ 2,240. ಕಾವೇರಿ ದಂಡೆಯ ಸಂಗಮ, ಭೀಮೇಶ್ವರಿ, ಮುತ್ತತ್ತಿ ಬೆಂಗಳೂರಿಗಿಂತ ನೂರಾರು ಮೀಟರ್ ಕೆಳಗೆ.

ಎತ್ತರವೊಂದೇ ಸಾಲದು, ನಿಜ. ನೆಲದ ಮೇಲೆ ಮರವಿದೆಯೋ ಬೋಳು ಬಂಡೆಯೋ, ಆ ನೆಲ ಯಾರದ್ದು, ಏಪ್ರಿಲ್ ಕೊನೆಗೂ ಅಲ್ಲಿ ಕುಡಿಯುವ ನೀರು ಉಳಿದಿರುತ್ತದೆಯೋ, ಹೋಗುವುದು ಏಪ್ರಿಲ್ ನಡುವಿನ ಅಶ್ವಿನಿ ಮಳೆಗೋ ಮೇ ತಿಂಗಳ ಕೃತ್ತಿಕೆಗೋ, ಇಷ್ಟನ್ನೂ ಜೊತೆಗಿಟ್ಟು ತೂಗಬೇಕು. ಹಾಗೆ ತೂಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಕಣ್ಣೆದುರಿನ ಬಂಡೆಗಳು

ರಾಮನಗರ, ಸಾವನದುರ್ಗ, ಮಾಕಳಿದುರ್ಗ, ಅಂತರಗಂಗೆ, ಸ್ಕಂದಗಿರಿ. ಎಲ್ಲವೂ ಒಂದೂವರೆ ಎರಡು ಗಂಟೆಯ ದಾರಿ, ಎಲ್ಲವೂ ಸುಂದರ. ಬೇಸಿಗೆಯಲ್ಲಿ ರಾತ್ರಿ ತಂಗಲು ಮಾತ್ರ ಇವು ಬೇಡ.

ಕಾರಣ ಸರಳ. ಗ್ರಾನೈಟ್ ಬಂಡೆ ದಿನವಿಡೀ ಬಿಸಿಲು ಕುಡಿದು ರಾತ್ರಿ ಅದನ್ನೇ ಉಗುಳುತ್ತದೆ. ಏಪ್ರಿಲಿನಲ್ಲಿ ರಾತ್ರಿ ಒಂಬತ್ತಕ್ಕೆ ಬಂಡೆಯ ಮೇಲೆ ಅಂಗೈ ಊರಿ ನೋಡಿ, ಆಗತಾನೆ ಒಲೆಯಿಂದಿಳಿಸಿದ ಕಾವಲಿಯ ಹಾಗೆ ಬಿಸಿ ಇನ್ನೂ ಕೈಗೆ ತಾಗುತ್ತದೆ. ಗಾಳಿ ತಣ್ಣಗಾದರೂ ಬೆನ್ನಿನ ಕೆಳಗಿನ ನೆಲ ತಣ್ಣಗಾಗುವುದು ಬೆಳಗಿನ ಜಾವಕ್ಕೆ. ಗೂಟ ಹೊಡೆಯಲು ಮಣ್ಣಿಲ್ಲ, ನೆರಳಿಗೆ ಮರವಿಲ್ಲ, ನೀರನ್ನು ಹೊತ್ತೇ ಹತ್ತಬೇಕು.

ಎರಡನೆಯ ಕಾರಣ ಕಾನೂನಿನದು. ಇವುಗಳಲ್ಲಿ ಬಹುತೇಕ ಜಾಗ ಮೀಸಲು ಅರಣ್ಯ, ಅಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಸ್ಕಂದಗಿರಿಯಂಥ ಕಡೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇರುವುದು ಬೆಳಗಿನ ಚಾರಣಕ್ಕೆ. ನಂದಿಬೆಟ್ಟದ ಮೇಲೆ ರಾತ್ರಿ ಉಳಿಯಬೇಕಾದರೆ ಅಲ್ಲಿನ ಸರ್ಕಾರಿ ಅತಿಥಿಗೃಹಗಳೇ ಗತಿ, ಟೆಂಟಿಗೆ ಜಾಗವಿಲ್ಲ. ಎತ್ತರದ ಲೆಕ್ಕದಲ್ಲಿ ಬೆಂಗಳೂರಿಗೆ ಇಷ್ಟು ಸಮೀಪ ಇಷ್ಟು ತಂಪಾದ ಜಾಗ ಇನ್ನೊಂದಿಲ್ಲವಾದ್ದರಿಂದ ಕೋಣೆ ಸಿಕ್ಕರೆ ಬಿಡಬೇಡಿ, ಆದರೆ ಅದನ್ನು ಕ್ಯಾಂಪಿಂಗ್ ಅನ್ನಲಾಗದು.

ಮಂಚನಬೆಲೆ, ಕಣ್ವ ಜಲಾಶಯಗಳ ಸುತ್ತ ಖಾಸಗಿ ಜಮೀನುಗಳಲ್ಲಿ ಟೆಂಟ್ ಹಾಕಿಕೊಡುವವರಿದ್ದಾರೆ. ಶನಿವಾರ ರಾತ್ರಿ ಅಲ್ಲಿ ಸ್ಪೀಕರಿನದೇ ರಾಜ್ಯ. ಆಫೀಸಿನ ಗೆಳೆಯರ ಗುಂಪಿಗೆ ಅದು ಸರಿ, ಮಕ್ಕಳಿಗೆ ನಕ್ಷತ್ರ ತೋರಿಸುವ ಆಸೆಯಿದ್ದವರಿಗಲ್ಲ. ಮಂಚನಬೆಲೆಯ ನೀರಿಗಂತೂ ಇಳಿಯಲೇಬೇಡಿ. ಈಜು ಬಲ್ಲವರೂ ಅಲ್ಲಿ ಮುಳುಗಿ ಹೋಗಿದ್ದಾರೆ, ನಿಷೇಧದ ಫಲಕ ಸುಮ್ಮನೆ ನೆಟ್ಟದ್ದಲ್ಲ.

ಕಾವೇರಿ ದಂಡೆ: ಸೆಕೆ ಹೌದು, ಆದರೂ

ಕನಕಪುರ, ಸಾತನೂರು, ಹಲಗೂರು ದಾಟಿ ನೂರು ಕಿಲೋಮೀಟರಿನ ಆಸುಪಾಸಿಗೆ ಭೀಮೇಶ್ವರಿ. ಸಂಗಮದ ಕಡೆಯಿಂದ ಹೋದರೆ ಗಾಳಿಬೋರೆ. ಎರಡೂ ಕಡೆ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಕ್ಯಾಂಪುಗಳಿವೆ. ಸುತ್ತಲಿನದು ಕಾವೇರಿ ವನ್ಯಜೀವಿ ಧಾಮ.

ಎತ್ತರದ ಲೆಕ್ಕದಲ್ಲಿ ಇವಕ್ಕೆ ನಾನು ಕಡಿಮೆ ಅಂಕ ಕೊಡಬೇಕು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಲ್ಲಿ ಬೆಂಗಳೂರಿಗಿಂತ ಹೆಚ್ಚು ಸೆಕೆ, ಗುಡ್ಡಗಳ ನಡುವಿನ ತಗ್ಗಾದ್ದರಿಂದ ಗಾಳಿಯೂ ಕಡಿಮೆ. ಸುತ್ತಲಿನ ಕುರುಚಲು ಕಾಡು ಒಣಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಆದರೆ ನದಿಯ ಅಂಚಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ದಂಡೆಯುದ್ದಕ್ಕೂ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು. ಬುಡದಲ್ಲಿ ನಯವಾದ ಬಿಳಿ ತೊಗಟೆ, ನೀರಿನೊಳಕ್ಕೇ ಇಳಿದ ಬೇರು, ಮೇಲೆ ಬೇಸಿಗೆಯಲ್ಲೂ ಬಿಡದ ನೆರಳು. ಆ ನೆರಳಿನಲ್ಲಿ ಕೂತು ತಲೆಯೆತ್ತಿ ಕಾದರೆ ಬೂದುಬಣ್ಣದ ದೈತ್ಯ ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುವುದು ಕಾಣಬಹುದು. ಅದು ಎಲ್ಲ ಕಾಡಿನಲ್ಲೂ ಸಿಗುವ ಜೀವಿಯಲ್ಲ. ದಕ್ಷಿಣ ಭಾರತದಲ್ಲಿ ಅದಕ್ಕೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಈ ಹೊಳೆದಂಡೆ ಒಂದು. ನೀರು ಇಳಿದಿರುವುದರಿಂದ ಬಂಡೆಗಳ ಮೇಲೆ ಮೊಸಳೆ ಬಿಸಿಲು ಕಾಯಿಸುವುದೂ, ಆನೆಗಳು ಸಂಜೆ ಹೊಳೆಗೆ ಇಳಿಯುವುದೂ ಬೇಸಿಗೆಯಲ್ಲೇ ಹೆಚ್ಚು ಕಾಣುತ್ತದೆ. ಕಾಡಿನೊಳಗಿನ ಕೆರೆಕಟ್ಟೆ ಬತ್ತಿದಾಗ ಅವಕ್ಕೂ ನದಿಯೇ ದಿಕ್ಕು.

ಒಂದು ಕಾಲಕ್ಕೆ ಗಾಳ ಹಾಕುವವರು ದೇಶವಿದೇಶಗಳಿಂದ ಇಲ್ಲಿಗೆ ಬರುತ್ತಿದ್ದದ್ದು ಮಹಶೀರ್ ಮೀನಿಗಾಗಿ. ಧಾಮದೊಳಗೆ ಗಾಳ ಹಾಕುವುದು ನಿಂತು ವರ್ಷಗಳೇ ಆದವು. ಇಲ್ಲಿನ ಗೂನುಬೆನ್ನಿನ ಮಹಶೀರ್ ಈಗ ತೀವ್ರ ಅಳಿವಿನ ಅಂಚಿನಲ್ಲಿರುವ ಮೀನು. ಈ ಹೊಳೆಯ ಮಡುಗಳು ಅದಕ್ಕೆ ಉಳಿದಿರುವ ಕೊನೆಯ ಆಸರೆಗಳ ಪೈಕಿ. ಹಳೆಯ ಬರಹ ಓದಿಕೊಂಡು ಗಾಳ ಕಟ್ಟಿಕೊಂಡು ಹೋಗಬೇಡಿ.

ಮುತ್ತತ್ತಿಯದು ಬೇರೆಯೇ ಮಾತು. ಆಂಜನೇಯನ ಗುಡಿಗೆ ನಡೆದುಕೊಳ್ಳುವ ಒಕ್ಕಲುಗಳು ದೊಡ್ಡವು. ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ ಎಂದಾದದ್ದೂ ಈ ಮುತ್ತತ್ತಿರಾಯನಿಂದಲೇ. ದೇವರಿಗೆ ಕೈ ಮುಗಿಯಲು ಹೋಗಿ, ಹೊಳೆಯಲ್ಲಿ ಮೀಯಲು ಬೇಡ. ಮೇಲಿಂದ ನೋಡಿದರೆ ಮೊಣಕಾಲುದ್ದದ ನೀರು, ಎರಡು ಹೆಜ್ಜೆಗೆ ಮಡು, ಬಂಡೆಗಳ ನಡುವೆ ಸುಳಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ನೋಡನೋಡುತ್ತಲೇ ಏರುತ್ತದೆ. ಮೇಕೆದಾಟು, ಸಂಗಮ, ಮುತ್ತತ್ತಿ ಮೂರೂ ಕಡೆ ಪ್ರತಿ ಬೇಸಿಗೆ ರಜೆಯಲ್ಲೂ ಸಾವಿನ ಸುದ್ದಿ ಬರುತ್ತದೆ, ಸತ್ತವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನ ಹುಡುಗರು. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ನೀರಿಗೆ ಇಳಿಯುವುದಿದ್ದರೆ ಕ್ಯಾಂಪಿನವರು ತೋರಿಸಿದ ಜಾಗದಲ್ಲಿ, ಲೈಫ್ ಜಾಕೆಟ್ ತೊಟ್ಟು, ಅವರ ಜನ ದಂಡೆಯಲ್ಲಿ ನಿಂತಿರುವಾಗ ಮಾತ್ರ.

ಕಾವೇರಿ ಕ್ಯಾಂಪಿಗೆ ನನ್ನ ಸಲಹೆ ಇಷ್ಟು: ಒಂದೇ ರಾತ್ರಿ ಇಟ್ಟುಕೊಳ್ಳಿ. ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿ, ಬಿಸಿಲು ಇಳಿಯುವವರೆಗೆ ಹೊಳೆಮತ್ತಿ ಕೆಳಗೇ ಇರಿ, ಸಂಜೆ ಹರಿಗೋಲಿನಲ್ಲಿ ಒಂದು ಸುತ್ತು, ಬೆಳಗ್ಗೆ ಆರಕ್ಕೆ ಎದ್ದು ನಡಿಗೆ, ಹತ್ತರೊಳಗೆ ಊರಿನ ದಾರಿ. ಎರಡನೇ ಮಧ್ಯಾಹ್ನವನ್ನು ಅಲ್ಲಿ ಕಳೆಯುವುದು ದೊಡ್ಡವರಿಗೇ ಕಷ್ಟ.

ಬಿಳಿಗಿರಿರಂಗನ ಬೆಟ್ಟ: ಏಪ್ರಿಲಿಗೆ ನನ್ನ ಮೊದಲ ಆಯ್ಕೆ

ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾಟಿ ಬೆಟ್ಟ ಹತ್ತಬಹುದು, ಚಾಮರಾಜನಗರದ ಕಡೆಯಿಂದಲೂ ಬರಬಹುದು. ಸುಮಾರು 200 ಕಿಲೋಮೀಟರ್. ಅರಣ್ಯದ ಚೆಕ್‌ಪೋಸ್ಟು ಸಂಜೆ ಮುಚ್ಚುವುದರಿಂದ ನಾಲ್ಕರೊಳಗೆ ಬೆಟ್ಟದ ಬುಡದಲ್ಲಿರುವಂತೆ ಹೊರಡಬೇಕು. ಬೆಂಗಳೂರಿನಲ್ಲಿ ಹತ್ತು ಗಂಟೆಗೆ ತಿಂಡಿ ತಿಂದು ಹೊರಡುವವರಿಗೆ ಈ ಜಾಗ ಒಗ್ಗುವುದಿಲ್ಲ.

ಕ್ಯಾತದೇವರ ಗುಡಿ, ಎಲ್ಲರ ಬಾಯಲ್ಲೂ ಕೆ. ಗುಡಿ, ಇಲ್ಲಿನ ಸರ್ಕಾರಿ ಕ್ಯಾಂಪು. ಕಾಡಿನ ನಡುವಿನ ಮರಗಳ ಕೆಳಗೆ ಹಾಸಿಗೆ, ಸ್ನಾನದ ಮನೆ ಎಲ್ಲ ಇರುವ ಟೆಂಟುಗಳು. ನಾವೇ ಒಯ್ದ ಟೆಂಟು ನೆಡುವ ಖುಷಿ ಇಲ್ಲಿಲ್ಲ, ಹುಲಿ ಮೀಸಲಿನೊಳಗೆ ಅದಕ್ಕೆ ಆಸ್ಪದವೂ ಇರಬಾರದು. ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದು 2011ರಲ್ಲಿ. ಅದೇ ವರ್ಷ ಇಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೂ ಮನ್ನಣೆ ಸಿಕ್ಕಿತು. ಹುಲಿ ಮೀಸಲೊಂದರ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಸೋಲಿಗರೊಬ್ಬರು ಜೊತೆಗಿದ್ದು ನಡೆಯುವ ಅವಕಾಶ ಸಿಕ್ಕರೆ ಸಫಾರಿಗಿಂತ ಅದಕ್ಕೇ ಹೆಚ್ಚು ಬೆಲೆ ಕೊಡಿ. ಯಾವ ಬಳ್ಳಿಯಲ್ಲಿ ನೀರಿದೆ, ಯಾವ ಮರದಲ್ಲಿ ಈ ವರ್ಷ ಹೆಜ್ಜೇನು ಕಟ್ಟಿಲ್ಲ, ಲಂಟಾನ ಕಳೆ ಹಬ್ಬಿದ ಮೇಲೆ ಹುಲ್ಲು ಎಲ್ಲಿ ಹೋಯಿತು, ಇವೆಲ್ಲ ಅವರ ಬಾಯಿಂದ ಬಂದಾಗ ಕಾಡು ಬೇರೆಯಾಗಿ ಕಾಣುತ್ತದೆ. ಅವರು ದೇವರೆಂದು ನಡೆದುಕೊಳ್ಳುವ ದೊಡ್ಡ ಸಂಪಿಗೆ ಮರ ಈ ಬೆಟ್ಟದಲ್ಲೇ ಇದೆ.

ಏಪ್ರಿಲಿಗೆ ಇದೇ ಏಕೆ? ಪೂರ್ವ, ಪಶ್ಚಿಮ ಘಟ್ಟಗಳು ಕೂಡುವ ಈ ಸಾಲು 600 ಮೀಟರಿನಿಂದ 1,800 ಮೀಟರಿನವರೆಗೆ ಏರುತ್ತದೆ, ಕ್ಯಾಂಪಿರುವುದು ಮೇಲ್ಭಾಗದಲ್ಲಿ. ಮಧ್ಯಾಹ್ನ ಬಿಸಿಲಿದ್ದರೂ ನೆರಳಿದೆ. ರಾತ್ರಿ ಹೊದಿಕೆ ಬೇಕಾಗುತ್ತದೆ. ಮರಗಳ ಎಲೆ ಉದುರಿ ಕಾಡು ತೆರೆದುಕೊಂಡಿರುವುದರಿಂದ ಪ್ರಾಣಿಗಳು ಕಾಣುವ ಸಂಭವವೂ ಮಳೆಗಾಲಕ್ಕಿಂತ ಹೆಚ್ಚು. ಕೊರತೆಯೂ ಹೇಳಬೇಕು: ಊಟ, ಸಫಾರಿ ಸೇರಿಸಿ ತಲೆಗಿಷ್ಟು ಅಂತ ದರ, ನಾಲ್ಕು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ರಜೆಯ ವಾರಾಂತ್ಯಗಳು ಬಹಳ ಮೊದಲೇ ತುಂಬುತ್ತವೆ. ವಾರದ ನಡುವೆ ಹೋಗಲು ಆಗುವವರಿಗೆ ಮಾತ್ರ ಸುಲಭ.

ಬೆಂಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇದು ಎಲ್ಲ ಕಾಡಿಗೂ ಸಲ್ಲುವ ಮಾತು. ಫೆಬ್ರವರಿಯಿಂದ ಮೊದಲ ಮಳೆಗಳು ಬೀಳುವ ತನಕ ಕಾಡು ಒಣಗಿ ನಿಂತಿರುತ್ತದೆ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿಯಿತು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣದ ಹಾದಿಗಳನ್ನು ಮುಚ್ಚಿದರೆ ಬೇಸರ ಮಾಡಿಕೊಳ್ಳಬೇಡಿ. ಕ್ಯಾಂಪ್‌ಫೈರ್ ಇಲ್ಲದಿದ್ದರೆ ಕ್ಯಾಂಪಿಂಗೇ ಅಲ್ಲ ಅನ್ನುವವರು ಅದನ್ನು ಡಿಸೆಂಬರಿಗೆ ಇಟ್ಟುಕೊಳ್ಳಲಿ.

ಕಾಫಿ ಸೀಮೆ: ತಿಂಗಳು ನೋಡಿ ಹೊರಡಿ

ಸ್ವಂತ ಟೆಂಟು ಇದ್ದವರಿಗೆ ನಿಜವಾಗಿ ಒದಗುವುದು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಖಾಸಗಿ ತೋಟಗಳು. ತೋಟದ ಯಜಮಾನರ ಒಪ್ಪಿಗೆ ಇದ್ದರೆ ಕಾನೂನಿನ ತಕರಾರಿಲ್ಲ, ಕಾಫಿಗೆ ಬೆಳೆಸಿದ ನೆರಳುಮರಗಳು ನಿಮ್ಮ ಟೆಂಟಿಗೂ ನೆರಳು, ಪಕ್ಕದಲ್ಲೊಂದು ಮನೆ, ಮನೆಯಲ್ಲೊಂದು ಅಡುಗೆಮನೆ. ದೂರ 220ರಿಂದ 270 ಕಿಲೋಮೀಟರ್.

ಮೂರರಲ್ಲಿ ಯಾವುದು? ಸಕಲೇಶಪುರಕ್ಕೆ ರಸ್ತೆ ಸಲೀಸು, ಆದರೆ ಎತ್ತರ ಕಡಿಮೆ, ತೇವದ ಸೆಕೆ ಹೆಚ್ಚು. ಬೇಸಿಗೆಗೆ ಅದನ್ನು ನಾನು ಕೊನೆಗೆ ಇಡುತ್ತೇನೆ. ಕೊಡಗಿನಲ್ಲಿ ಮಡಿಕೇರಿಯ ಮೇಲಿನ ತೋಟಗಳು, ತಡಿಯಂಡಮೋಳ್ ತಪ್ಪಲಿನ ಕಕ್ಕಬ್ಬೆಯ ಕಡೆ ಚೆನ್ನ. ಚಿಕ್ಕಮಗಳೂರಿನಲ್ಲಿ ಗಿರಿಶ್ರೇಣಿಯ ಮಗ್ಗುಲಿನ ಅರೇಬಿಕಾ ತೋಟಗಳು ಎತ್ತರದಲ್ಲಿವೆ, ಹಾಗಾಗಿ ತಂಪು. ನನ್ನ ಓಟು ಅವಕ್ಕೇ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಟೆಂಟ್ ಹಾಕುವ ಯೋಚನೆ ಮಾತ್ರ ಬಿಡಿ, ಅದಕ್ಕೆ ಅವಕಾಶವಿಲ್ಲ. ಏಪ್ರಿಲಿನ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಇಡೀ ಇಳಿಜಾರು ಹೋಗುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಆರಿಸಿಕೊಂಡಿದ್ದ ಜಾಗ ಅದು. ಟೆಂಟಿನ ಹಟವಿಲ್ಲದ ಹಿರಿಯರಿಗೆ ಹೇಳಿಮಾಡಿಸಿದ್ದು.

ತಿಂಗಳ ಮಾತು. ಮಾರ್ಚ್, ಏಪ್ರಿಲಿನ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ತೋಟ ಪೂರ್ತಿ ಬೆಳ್ಳಗೆ, ಮಲ್ಲಿಗೆಯಂಥ ಘಮ, ಜೇನಿನ ಸದ್ದು. ಎರಡು ಮೂರು ದಿನ ಮಾತ್ರ. ಇದಕ್ಕೆ ತಾರೀಖು ಹೇಳಲು ಯಾರಿಂದಲೂ ಆಗದು, ತೋಟದವರ ಫೋನ್ ನಂಬರ್ ಇಟ್ಟುಕೊಂಡು ಮಳೆ ಬಿತ್ತೇ ಎಂದು ಕೇಳುತ್ತಿರಬೇಕು.

ಭರಣಿ ಮಳೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಬೆಳೆಯುವವರಿಗೆ ಅದು ಹಬ್ಬ, ಟೆಂಟಿನವರಿಗೆ ಎಚ್ಚರಿಕೆ. ಏಪ್ರಿಲ್ ಕೊನೆಯ ವಾರ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ. ಈ ದಿನಗಳಲ್ಲಿ ಮಳೆ ಬರುವ ರೀತಿಯೇ ಬೇರೆ. ಮಧ್ಯಾಹ್ನ ಮೂರರವರೆಗೆ ಎಲೆ ಅಲ್ಲಾಡದ ಸೆಕೆ. ಆಮೇಲೆ ದಿಗಂತದಲ್ಲಿ ಕಪ್ಪು ಮೋಡ ಗೋಪುರದಂತೆ ಎದ್ದು ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಧೂಳು, ತರಗೆಲೆ ಎತ್ತಿಕೊಂಡು ತಣ್ಣನೆಯ ಗಾಳಿ ಬರುತ್ತದೆ. ಗಾಳಿ ಬಂದು ಕಾಲು ಗಂಟೆಗೆ ಮಳೆ, ಸಿಡಿಲು, ಒಮ್ಮೊಮ್ಮೆ ಆಲಿಕಲ್ಲು. ಆ ಮೊದಲ ಗಾಳಿಯೇ ಅಪಾಯ. ಸಿಲ್ವರ್ ಓಕಿನ ಕೊಂಬೆ ಮುರಿದು ಬೀಳುವುದು ಆಗಲೇ, ಸಡಿಲ ಗೂಟದ ಟೆಂಟು ಕಾಫಿ ಗಿಡದ ಮೇಲೆ ಹೋಗಿ ಕೂರುವುದೂ ಆಗಲೇ. ಹಾಗಾಗಿ ತೋಟದಲ್ಲಿ ಟೆಂಟ್ ನೆಡುವ ಮುನ್ನ ತಲೆಯೆತ್ತಿ ನೋಡಿ, ಒಣಕೊಂಬೆಯ ಕೆಳಗೆ ಬೇಡ. ಇಳಿಜಾರಿನ ಮೇಲ್ಬದಿಗೆ ಒಂದು ಗೇಣು ಕಾಲುವೆ ತೋಡಿ. ಗುಡುಗು ಕೇಳಿದ ಕೂಡಲೇ ಟೆಂಟು ಬಿಟ್ಟು ಮನೆಯೊಳಗೆ ಅಥವಾ ಕಾರಿನೊಳಗೆ ಸೇರಿ, ಮರದಡಿ ನಿಲ್ಲಬೇಡಿ. ಪಕ್ಕದಲ್ಲಿ ಗಟ್ಟಿ ಸೂರಿಲ್ಲದ ತೋಟಕ್ಕೆ ಮೇ ತಿಂಗಳಿನಲ್ಲಿ ಹೋಗಲೇಬೇಡಿ.

ಬೇಸಿಗೆಯಲ್ಲಿ ಜಿಗಣೆ ಇರುವುದಿಲ್ಲ ಎಂಬ ಸಮಾಧಾನ ಎಲ್ಲರಿಗೂ ಇದೆ. ಉಣುಗಿನ ನೆನಪು ಯಾರಿಗೂ ಇರುವುದಿಲ್ಲ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗದ ಕಾಲ ಡಿಸೆಂಬರಿನಿಂದ ಮೇವರೆಗೆ, ಅಂದರೆ ಸರಿಯಾಗಿ ಕ್ಯಾಂಪಿಂಗಿನ ದಿನಗಳು. ಶಿವಮೊಗ್ಗ ಜಿಲ್ಲೆಯ ಸಾಗರ, ತೀರ್ಥಹಳ್ಳಿ, ಚಿಕ್ಕಮಗಳೂರಿನ ಕೊಪ್ಪ, ನರಸಿಂಹರಾಜಪುರದ ಕಡೆ ಹೋಗುವವರು ತಾಲ್ಲೂಕು ಆರೋಗ್ಯ ಕಚೇರಿಯ ಸೂಚನೆ ಏನಿದೆ ಎಂದು ವಿಚಾರಿಸಿಯೇ ಹೊರಡಬೇಕು. ಮಂಗ ಸತ್ತ ಸುದ್ದಿ ಇರುವ ಕಾಡಿನ ಅಂಚಿಗೆ ಹೋಗುವಂತಿಲ್ಲ. ಉದ್ದ ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಬರಿಯ ತರಗೆಲೆಯ ಮೇಲೆ ಕೂರದಿರುವುದು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಮೈ ಪರೀಕ್ಷಿಸಿಕೊಳ್ಳುವುದು, ಇವು ಆ ಸೀಮೆಯ ಜನ ದಿನವೂ ಪಾಲಿಸುವ ಕ್ರಮ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.

ಇದೇ ದಿಕ್ಕಿನಲ್ಲಿ ಇನ್ನೊಂದು ಜಾಗ ಭದ್ರಾ ಜಲಾಶಯದ ಲಕ್ಕವಳ್ಳಿ, ಸುಮಾರು 280 ಕಿಲೋಮೀಟರ್. ವಾಸ ಹೆಚ್ಚಾಗಿ ಕಾಟೇಜುಗಳಲ್ಲಿ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಗೂಡು ಮಾಡುತ್ತವೆ. ಹಕ್ಕಿ ನೋಡುವ ಮಕ್ಕಳಿದ್ದರೆ ಸೆಕೆ ಸಹಿಸಿಕೊಂಡಾದರೂ ಕರೆದುಕೊಂಡು ಹೋಗಿ.

ಗಡಿಯಾಚೆ

ಯಲಗಿರಿಯನ್ನು ಆಗಲೇ ತೂಗಿದೆವು. 160 ಕಿಲೋಮೀಟರ್ ಓಡಿ, ಹದಿನಾಲ್ಕು ತಿರುವು ಹತ್ತಿ ಸಿಗುವುದು ಒಂದು ಡಿಗ್ರಿ. ಕೆಳಗಿನ ಬಯಲಿನ ಸೆಕೆಯಲ್ಲಿ ಬೇಯುವ ಜೋಲಾರ್‌ಪೇಟೆಯವರಿಗೆ ಅದು ಸ್ವರ್ಗ, ಬೆಂಗಳೂರಿನವರಿಗೆ ಚಳಿಗಾಲದ ಜಾಗ.

ಹೊಸಕೋಟೆ, ಚಿಂತಾಮಣಿ, ಮದನಪಲ್ಲಿ ದಾಟಿ 150 ಕಿಲೋಮೀಟರಿನ ಒಳಗೆ ಸಿಗುವ ಆಂಧ್ರದ ಹಾರ್ಸ್ಲಿ ಬೆಟ್ಟ ಮಾತ್ರ ಸಿಗಬೇಕಾದಷ್ಟು ಮರ್ಯಾದೆ ಸಿಗದ ಜಾಗ. ಅಲ್ಲಿಯವರಿಗೆ ಅದು ಏನುಗು ಮಲ್ಲಮ್ಮ ಕೊಂಡ. ಸುತ್ತ ರಾಯಲಸೀಮೆಯ ಬಿಸಿಲಿದ್ದರೂ ಮೇಲೆ ನೀಲಗಿರಿ ಮರಗಳ ನೆರಳು, ಸಂಜೆಯಾದರೆ ಬಿಡದೆ ಬೀಸುವ ಗಾಳಿ. ಆಂಧ್ರ ಪ್ರವಾಸೋದ್ಯಮದ ವಸತಿಯೂ ಇದೆ. ನೋಡಲು ಹೆಚ್ಚೇನಿಲ್ಲ, ಅದೇ ಅದರ ಗುಣ. ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಮೊದಲ ಸಲ ಹೊರಗೆ ಮಲಗಲು ಹೊರಟವರಿಗೆ ನಾನು ಹೇಳುವುದು ಇದನ್ನೇ.

ಯೇರ್ಕಾಡ್ 230 ಕಿಲೋಮೀಟರ್. ಕೃಷ್ಣಗಿರಿ, ಧರ್ಮಪುರಿ, ಸೇಲಂ, ಆಮೇಲೆ ಇಪ್ಪತ್ತು ತಿರುವು. ಸೇಲಂನಲ್ಲಿ ಕಾರಿನ ಬಾಗಿಲು ತೆರೆದರೆ ಮುಖಕ್ಕೆ ಬೆಂಕಿ, ಗಂಟೆಯೊಳಗೆ ಮೇಲೆ ಬಂದರೆ ಬೇರೆಯೇ ಹವೆ. ಲೆಕ್ಕದಲ್ಲಿ ಬೆಂಗಳೂರಿಗಿಂತ ಸುಮಾರು ನಾಲ್ಕು ಡಿಗ್ರಿ ಕಡಿಮೆ. ತೋಟಗಳ ನಡುವೆ ಟೆಂಟಿಗೆ ಜಾಗ ಕೊಡುವವರಿದ್ದಾರೆ. ಮೇ ತಿಂಗಳ ಬೇಸಿಗೆ ಉತ್ಸವದ ದಿನಗಳನ್ನು ತಪ್ಪಿಸಿ ಹೋಗಿ, ಇಲ್ಲದಿದ್ದರೆ ಸಾಲುಗಟ್ಟಿದ ಕಾರುಗಳೇ ಕಾಣುವುದು.

ಊಟಿ ಎಲ್ಲಕ್ಕಿಂತ ತಂಪು ನಿಜ, ಆದರೆ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಬೇಕು, ಆಮೇಲೆ ಬೇಸಿಗೆಗೆ ದಿನಕ್ಕಿಷ್ಟೇ ವಾಹನ ಎಂಬ ಮಿತಿಯೂ ಬಂತು. ಪ್ಲಾಸ್ಟಿಕ್ ನೀರಿನ ಬಾಟಲಿ ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ, ಕಿತ್ತುಕೊಳ್ಳಬೇಕು ಕೂಡ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. ಕೆಳಗಿನ ಮಸಿನಗುಡಿ ಊಟಿಯಲ್ಲ, ಬೆಂಗಳೂರಿನಷ್ಟೇ ಎತ್ತರದ ಒಣಕಾಡು. ಅಲ್ಲಿನ ಆನೆ ಕಾರಿಡಾರನ್ನು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದು ಒಳಗಿನ ರೆಸಾರ್ಟುಗಳನ್ನು ತೆರವು ಮಾಡಲು ಹೇಳಿತು. ವಯನಾಡಿನ ಮೇಪ್ಪಾಡಿ ಬಳಿ 2021ರ ಜನವರಿಯಲ್ಲಿ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರನ್ನು ಆನೆ ಕೊಂದಿತು. ಆನೆ ಓಡಾಡುವ ಕಾಡಿಗೆ ತಾಗಿದ ಜಮೀನಿನಲ್ಲಿ ತೆಳು ಬಟ್ಟೆಯ ಗೋಡೆಯೊಳಗೆ ಮಲಗುವುದು ಸಾಹಸವಲ್ಲ. ಎಷ್ಟೇ ಕಡಿಮೆ ದರಕ್ಕೆ ಕರೆದರೂ ಅಂಥ ಕಡೆಗೆ ಹೋಗಬೇಡಿ.

ಯಾರಿಗೆ ಯಾವುದು

ಆರು ವರ್ಷದೊಳಗಿನ ಮಕ್ಕಳು ಅಥವಾ ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಹಾರ್ಸ್ಲಿ, ದಾರಿ ಉದ್ದವಾದರೂ ಅಡ್ಡಿಯಿಲ್ಲ ಎಂದರೆ ಕೆಮ್ಮಣ್ಣುಗುಂಡಿ. ಏಪ್ರಿಲ್ ಮೊದಲ ಮೂರು ವಾರಗಳಿಗೆ ಬಿಳಿಗಿರಿ, ಖರ್ಚು ಹೊಂದದಿದ್ದರೆ ಯೇರ್ಕಾಡಿನ ತೋಟ. ಹೈಸ್ಕೂಲಿನ ಮಕ್ಕಳಿಗೆ ಹೊಳೆ, ಹರಿಗೋಲು ಬೇಕೆಂದರೆ ಕಾವೇರಿಯ ಸರ್ಕಾರಿ ಕ್ಯಾಂಪು, ಒಂದು ರಾತ್ರಿ. ಮೇ ತಿಂಗಳೇ ಸಾಧ್ಯ ಅನ್ನುವವರಿಗೆ ಚಿಕ್ಕಮಗಳೂರಿನ ಎತ್ತರದ ತೋಟ, ಮನೆಯ ಪಕ್ಕ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಬರಬೇಕೆಂದರೆ ನಂದಿಯ ಕೋಣೆ ಅಥವಾ ಹಾರ್ಸ್ಲಿ, ಬೇರೆ ಯಾವುದಕ್ಕೂ ಅಷ್ಟು ಸಮಯ ಸಾಲದು.

ಟೆಂಟ್ ಕೊಳ್ಳುವವರು ಒಳಪದರ ಪೂರ್ತಿ ಸೊಳ್ಳೆಪರದೆಯದೇ ಇರುವಂಥದ್ದನ್ನು ಕೊಳ್ಳಿ. ಮಳೆಯ ಹೊದಿಕೆ ಬೇರೆಯಾಗಿ ತೆಗೆಯುವಂತಿರಬೇಕು, ಸೆಕೆಯ ರಾತ್ರಿ ಅದನ್ನು ಮಡಚಿ ಪಕ್ಕದಲ್ಲಿಟ್ಟುಕೊಂಡು ಮಲಗಿದರೆ ಗಾಳಿ ಆಡುತ್ತದೆ. ನಾಲ್ಕು ಜನಕ್ಕೆ ನಾಲ್ಕು ಜನರ ಟೆಂಟ್ ಸಾಲದು, ಆರರದ್ದು ಬೇಕು. ಹೊರಡುವ ಮುಂಚೆ ಮನೆಯ ತಾರಸಿಯಲ್ಲಿ ಒಂದು ರಾತ್ರಿ ಹಾಕಿ ಮಲಗಿ ನೋಡಿ. ಬೂಟು ಹೊರಗೆ ಬಿಟ್ಟಿದ್ದರೆ ಬೆಳಗ್ಗೆ ಕೊಡವಿಯೇ ಹಾಕಿಕೊಳ್ಳಿ, ಚೇಳು ತಂಪು ಹುಡುಕಿಕೊಂಡು ಒಳಸೇರಿರುತ್ತದೆ. ಒಲೆಯ ಸಣ್ಣ ಗ್ಯಾಸ್ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಮೊದಲ ಊಟಕ್ಕೆ ಪುಳಿಯೋಗರೆ ಕಟ್ಟಿಕೊಳ್ಳಿ, ಸೆಕೆಗೆ ಕೆಡದ ಬುತ್ತಿ ಅದೇ.

ಮುಂಗಡ ಕಳಿಸುವ ಮುಂಚೆ ಜಾಗದವರಿಗೆ ಫೋನ್ ಮಾಡಿ ಕೆಲವನ್ನು ಬಿಡಿಸಿ ಕೇಳಿ. ಜಮೀನು ಸ್ವಂತದ್ದೋ, ಕಾಡಿಗೆ ಎಷ್ಟು ದೂರ? ಸದ್ಯ ಬಾವಿಯಲ್ಲಿ ನೀರಿದೆಯೋ, ಟ್ಯಾಂಕರೋ? ಪಕ್ಕದಲ್ಲಿ ಇನ್ನೊಂದು ಗುಂಪು ಇರುತ್ತದೆಯೋ, ಸ್ಪೀಕರ್ ಎಷ್ಟು ಗಂಟೆಗೆ ನಿಲ್ಲುತ್ತದೆ? ಹೆಂಗಸರಿಗೆ ಬೇರೆ ಶೌಚಾಲಯವಿದೆಯೋ, ರಾತ್ರಿ ಅಲ್ಲಿಗೆ ದೀಪವಿದೆಯೋ? ಮಳೆ ಬಂದರೆ ಒಳಗೆ ಕರೆದುಕೊಳ್ಳುತ್ತೀರೋ? ಈ ವಾರ ತೆಗೆದ ಒಂದು ಫೋಟೋ ಕಳಿಸುತ್ತೀರಾ? ಕೊನೆಗೆ, ಹಾವಿನ ಕಡಿತಕ್ಕೆ ಔಷಧ ಇಟ್ಟಿರುವ ಆಸ್ಪತ್ರೆ ಯಾವುದು, ರಾತ್ರಿ ಎರಡು ಗಂಟೆಗೆ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವರ ಜಾಗವನ್ನು ಬುಕ್ ಮಾಡಿ.